ಕಪಾಟಿಗೆ ಇಟ್ಟ ಮೂರು ಮಾತ್ರೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾಳೆ. ಕನ್ನಡಕದ ಅಂಗಡಿ ನನ್ನದು. ಇಡೀ ದಿನ ಗಾಜು ಉಜ್ಜಬೇಕು, ಫ್ರೇಮಿಗೆ ಕೂರಿಸಬೇಕು, "ಇದ್ರಲ್ಲಿ ಸರಿಯಾಗಿ ಕಾಣಲ್ಲ ಕಣ್ರೀ" ಅನ್ನುವ ಗಿರಾಕಿಗಳ ಮುಂದೆ ಹಲ್ಲು ಕಚ್ಚಿಕೊಂಡು ನಗಬೇಕು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ನುಂಗಿಕೊಂಡದ್ದನ್ನೆಲ್ಲ ಇಳಿಸಿ ಬರಲು ನಡುವಿನ ಹದಿನೆಂಟು ಮೆಟ್ಟಿಲು ಸಾಲುತ್ತಿರಲಿಲ್ಲ.

ಮನೆಯ ಕೊನೆಯ ಕೋಣೆ ನನ್ನ ಕಾಮಿಕ್ಸ್ ಕೋಣೆ. ನಾನು ಚಿಕ್ಕವನಿದ್ದಾಗ 'ಕರಿಕೊಡೆ' ಅಂತ ವಾರಕ್ಕೊಂದು ಕಾಮಿಕ್ಸ್ ಬರುತ್ತಿತ್ತು. ಕಪ್ಪು ಕೊಡೆ ಹಿಡಿದ ಒಬ್ಬ ಸಣಕಲ ಮನುಷ್ಯ ಊರೂರು ಸುತ್ತಿ ಕಳ್ಳರನ್ನು ಹಿಡಿಯುವುದು, ಅಷ್ಟೇ ಕತೆ. ಒಟ್ಟು ಮುನ್ನೂರ ಹನ್ನೆರಡು ಸಂಚಿಕೆ ಬಂದು ನಿಂತುಹೋಯಿತು. ಅದರಲ್ಲಿ ಮುನ್ನೂರ ಒಂಬತ್ತು ನನ್ನ ಹತ್ತಿರ ಇವೆ. ಇಪ್ಪತ್ತಾರು ವರ್ಷ ರದ್ದಿ ಅಂಗಡಿ, ಮುಚ್ಚಿಹೋದ ಲೈಬ್ರರಿ, ಕ್ಷೌರದಂಗಡಿಯ ಬೆಂಚು ಎಲ್ಲ ಜಾಲಾಡಿ ಕೂಡಿಸಿದ್ದು. ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು, ಬೆನ್ನಿಗೆ ಒಂದು ರಟ್ಟು, ಕವರಿನ ಬಾಯಿ ಮಡಿಸಿ ಟೇಪು. ಕೈ ತೊಳೆದು, ಒರೆಸಿ, ಒಣಗಿಸಿ ಮುಟ್ಟಬೇಕು. ಓದಿದ ಮೇಲೆ ಮೊದಲ ಕೆಲಸ ಕವರಿಗೆ ಹಾಕುವುದು. ಮನೆಗೆ ಬೆಂಕಿ ಬಿದ್ದರೂ ಮೊದಲು ಕವರು, ಆಮೇಲೆ ಓಟ. ತಮಾಷೆಗೆ ಹೇಳುತ್ತಿದ್ದೆ ಅಂದುಕೊಂಡಿದ್ದೆ. ನಮ್ಮ ಗುಬ್ಬಿಗೆ ಅದು ತಮಾಷೆಯಾಗಿ ಕೇಳಿಸಿರಲಿಲ್ಲ.

ಗುಬ್ಬಿ ನನ್ನ ಮಗಳು. ಎಂಟು ವರ್ಷ. ಹಳೆಯ ಸಂಚಿಕೆಗಳನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಅವಳ ಪಾಲಿಗಿದ್ದದ್ದು ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಮರುಮುದ್ರಣದ ಎಂಟು ಸಂಪುಟಗಳು. ಗಟ್ಟಿ ರಟ್ಟು, ಹೊಸ ಬಣ್ಣ, ನುಣುಪು ಕಾಗದ. ಅವನ್ನು ಹಜಾರಕ್ಕೆ ಒಯ್ದು, ಬೋರಲು ಮಲಗಿ ಓದುತ್ತಿದ್ದಳು. ಐದನೇ ಸಂಪುಟದಲ್ಲಿ ಒಂದು ಕತೆ ಇದೆ. ಕೊಡೆಯವನು ಪಾಳುಬಾವಿಗೆ ಇಳಿಯುತ್ತಾನೆ, ಮೇಲೆ ನಿಂತವರು ಹಗ್ಗ ಕತ್ತರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಈ ಸಂಚಿಕೆಯ ಕೊನೆಯ ಪುಟ ಎಲ್ಲೂ ಸಿಗಲಿಲ್ಲ' ಅಂತ ಪ್ರಕಾಶಕರು ಹಾಕಿದ್ದಾರೆ. ಎಲ್ಲೂ ಸಿಗದೆ ಏನು, ನನ್ನ ಕಪಾಟಿನಲ್ಲಿತ್ತು. ಅವರು ನನಗೆ ಎರಡು ಕಾಗದ ಬರೆದು ಬೇಡಿಕೊಂಡಿದ್ದರು. ನಾನು ಉತ್ತರ ಬರೆಯಲಿಲ್ಲ. ಕೊಟ್ಟುಬಿಟ್ಟರೆ ಎಲ್ಲರ ಹತ್ತಿರವೂ ಇರುತ್ತದೆ, ಆಮೇಲೆ ನನ್ನದೇನು ಹೆಚ್ಚು?

"ಅಪ್ಪಾ, ಅವನು ಸತ್ತೋದ್ನಾ?" ಅಂತ ಗುಬ್ಬಿ ಒಂದು ತಿಂಗಳು ನನ್ನ ಪ್ರಾಣ ತಿಂದಳು.

"ದೊಡ್ಡವಳಾದ್ಮೇಲೆ ಗೊತ್ತಾಗುತ್ತೆ, ಹೋಗು."

"ಒಂದ್ಸಲ ತೋರ್ಸಿ. ದೂರದಿಂದ್ಲೇ ನೋಡ್ತೀನಿ."

"ಹೋಗೇ ಅಂದ್ರೆ ಹೋಗ್ಬೇಕು!"

ಹೋದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಪರವಾಗಿಲ್ಲ, ಹೇಳಿದ ಮಾತು ಕೇಳುತ್ತಾಳೆ ಅಂತ ನಾನು ಒಳಗೊಳಗೇ ಬೀಗಿದೆ.

ಹೀಗಿರುವಾಗ ಒಂದು ಭಾನುವಾರ ಕಪಾಟು ತೆಗೆದೆ. ನೂರ ನಾಲ್ಕನೇ ಸಂಚಿಕೆಯ ಕವರಿನೊಳಗೆ ಬೆಳ್ಳಿ ಬಣ್ಣದ ಹುಳವೊಂದು ಸರ್ರನೆ ಹರಿದುಹೋಯಿತು. ಒಂದೊಂದೇ ತೆಗೆದು ನೋಡಿದರೆ ಹನ್ನೊಂದು ಕವರುಗಳಲ್ಲಿ ಹುಳ. ಅಂಚುಗಳನ್ನು ಕೆರೆದು ಕೆರೆದು ತಿಂದಿದ್ದವು. ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಕೂತಲ್ಲಿ ನಿಂತಲ್ಲಿ ಕಣ್ಣ ಮುಂದೆ ಅದೇ ಹುಳ. ಭಯ ಅಂದರೆ ಇದೇ ಅಂದುಕೊಂಡಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ನನ್ನ ಹೆಂಡತಿಯ ತಮ್ಮ ಧಾನ್ಯದ ಗೋದಾಮಿನಲ್ಲಿ ಮೇಲ್ವಿಚಾರಕ. ಮೂಟೆಗಳಿಗೆ ಹುಳ ಹಿಡಿಯದ ಹಾಗೆ ಅವರು ಎಂಥದೋ ಮಾತ್ರೆ ಇಡುತ್ತಾರೆ. ಅದು ಕರಗಿ ಹೊಗೆಯ ಹಾಗೆ ವಿಷದ ಗಾಳಿ ಏಳುತ್ತದೆ, ಹುಳ ಅನ್ನುವುದು ಮೊಟ್ಟೆ ಸಮೇತ ಸಾಯುತ್ತದೆ. ಅವನ ಹಿಂದೆ ಬಿದ್ದೆ. ಮೊದಲು ಬೇಡವೇ ಬೇಡ ಅಂದ. ನಾನು ಬಿಡಬೇಕಲ್ಲ! ಕಾಟ ತಡೆಯಲಾಗದೆ ತಗಡಿನ ಡಬ್ಬಿಯೊಂದರಲ್ಲಿ ಮೂರು ತಂದುಕೊಟ್ಟ.

"ಭಾವ, ಇದು ಆಟದ ಸಾಮಾನಲ್ಲ. ಮನೆ ಒಳಗಂತೂ ಬೇಡ್ವೇ ಬೇಡ. ಹಿತ್ಲಲ್ಲಿ ಶೆಡ್ ಇದ್ಯಲ್ಲ, ಪುಸ್ತಕ ಅಲ್ಲಿಗೆ ಸಾಗ್ಸಿ. ಮೂರು ದಿನ ಯಾರೂ ಹತ್ರ ಸುಳೀಬಾರ್ದು."

"ಆಯ್ತು ಬಿಡಯ್ಯ, ನನಗೇನು ಗೊತ್ತಾಗಲ್ವಾ?"

ಶೆಡ್ಡಿನ ಗೋಡೆಯಲ್ಲಿ ಒರತೆ. ನನ್ನ ಪುಸ್ತಕಗಳನ್ನು ಆ ತೇವದೊಳಗೆ ಇಡಲು ನನಗೇನು ತಲೆ ಕೆಟ್ಟಿದೆಯೇ? ಇಪ್ಪತ್ತಾರು ವರ್ಷದಿಂದ ಕವರಿಗೆ ಗಾಳಿಯಾಡದಂತೆ ಟೇಪು ಹಾಕಿದವನು ನಾನು. ಒಂದು ಕಪಾಟಿನ ಬಾಯಿ ಮುಚ್ಚುವುದು ಯಾವ ಮಹಾ ಅನ್ನಿಸಿತು. ಬುಧವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಮೂರು ಮಾತ್ರೆಯನ್ನು ಕಪಾಟಿನ ಮೂರು ಖಾನೆಯಲ್ಲಿಟ್ಟೆ. ಕಪಾಟಿನ ಬಾಗಿಲಿನ ಸುತ್ತ ಅಗಲವಾದ ಟೇಪು ಮೂರು ಸುತ್ತು ಅಂಟಿಸಿದೆ. ಕಿಟಕಿಯ ಸಂದುಗಳಿಗೂ ಹಾಕಿದೆ. ಮೇಲಿನ ಗವಾಕ್ಷಿ ಎಟುಕಲಿಲ್ಲ, ಬಿಟ್ಟೆ. ಕಪಾಟಿನ ಹಿಂಬದಿಯ ಹಲಗೆ ಬಿರಿದಿರುವುದು ಆಗ ತಲೆಗೇ ಹೊಳೆಯಲಿಲ್ಲ.

"ಮೂರು ದಿನ ಆ ಕೋಣೆಗೆ ಯಾರೂ ಕಾಲಿಡಬಾರ್ದು," ಅಂತ ಸಂಜೆ ಅಪ್ಪಣೆ ಕೊಟ್ಟೆ.

"ಯಾಕ್ರೀ?" ಅಂದಳು ಹೆಂಡತಿ.

"ಯಾಕೆ ಅಂದ್ರೆ ನಾನು ಹೇಳ್ದೆ ಅಂತ!"

ನಿಜ ಹೇಳಿದ್ದರೆ ಆ ಮಾತ್ರೆಗಳನ್ನು ಆಗಲೇ ಬೀದಿಗೆ ಎಸೆಸುತ್ತಿದ್ದಳು, ಅದಕ್ಕೇ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮೂಗು ಮುದುಡಿ, "ಏನೋ ಕೊಳೆತ ಮೀನಿನ ವಾಸನೆ ಬರ್ತಿದೆ, ತಲೇನೂ ಭಾರ," ಅಂದಳು. ನಿನ್ನ ಮೂಗೇ ಸರಿಯಿಲ್ಲ ಅಂತ ಬಾಯಿ ಮುಚ್ಚಿಸಿದೆ.

ಅದೇ ಗುರುವಾರ. ಬೆಳಿಗ್ಗೆಯೆಲ್ಲ ಗಿರಾಕಿಗಳಿಲ್ಲ. ಹನ್ನೊಂದಕ್ಕೆ ಮೇಲೆ ಹೋಗಿ, ಚಹಾ ಮಾಡಿಕೊಂಡು, ಹಜಾರದಲ್ಲಿ ಕಾಲು ಚಾಚಿ ಪೇಪರು ಓದುತ್ತ ಒಂದು ಗಂಟೆ ಆರಾಮವಾಗಿ ಕೂತೆ. ಕೆಳಗೆ ಬಂದು ಅಂಗಡಿ ತೆರೆದು ಅರ್ಧ ಗಂಟೆಯಾಗಿರಬೇಕು, ಫೋನು ಬಂತು. ಭಾವಮೈದುನ. ಅವನ ದನಿ ಗುರುತೇ ಸಿಗಲಿಲ್ಲ.

"ಭಾವ, ಆ ಮಾತ್ರೆ ಎಲ್ಲಿಟ್ರಿ?"

"ಶೆಡ್ಡಲ್ಲಿ," ಅಂದೆ. ನಾಲಿಗೆ ತಾನಾಗಿಯೇ ಸುಳ್ಳು ಹೇಳಿತು.

"ನಿಜ ಹೇಳಿ. ನಮ್ಮ ಕಾವಲುಗಾರ ನಿನ್ನೆ ಗೋದಾಮಿನ ಗೋಡೆಗೊರಗಿ ಮಲಗಿದ್ದ. ಒಳಗಲ್ಲ ಭಾವ, ಹೊರಗೆ! ಈಗ ಆಸ್ಪತ್ರೇಲಿದಾನೆ, ಉಳಿಯೋದು ಕಷ್ಟ ಅಂತಿದಾರೆ. ಎಲ್ಲಿಟ್ಟಿದೀರಿ?"

"ಕಪಾಟಲ್ಲಿ," ಅಂದೆ. "ಆದ್ರೆ ಟೇಪು ಹಾಕಿದೀನಿ."

"ಅಯ್ಯೋ ಟೇಪು ಅಂತೆ ಟೇಪು! ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ಇವಳು ಆಫೀಸಿಗೆ, ಗುಬ್ಬಿ ಶಾಲೆಗೆ."

ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಅಜ್ಜಿ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಅಂಗಡಿಯ ಮೆಟ್ಟಿಲು ಹತ್ತಿದರು. ಹತ್ತುತ್ತಲೇ ಮಾತು ಶುರು. "ಶಾಲೇಲಿ ನೀರಿನ ಪೈಪು ಒಡೆದು ರಜೆ ಕೊಟ್ಬಿಟ್ರಂತಲ್ಲಪ್ಪ. ಮಕ್ಕಳೆಲ್ಲ ಬೀದೀಲಿ ಕುಣೀತಾವೆ, ನಮ್ಮ ಗುಬ್ಬೀನೇ ಕಾಣ್ಲಿಲ್ಲ. ಮೇಲಿದಾಳಾ?"

ಫೋನು ಕೈಯಿಂದ ಜಾರಿತು. ಅಂಗಡಿಯ ಹಿಂದೆ ಮನೆಗೆ ಹೋಗುವ ಮೆಟ್ಟಿಲಿದೆ. ಅದರ ಬುಡದಲ್ಲಿ, ನಾನು ಆಗ ಹತ್ತಿ ಇಳಿಯುವಾಗ ಗಮನಿಸದೇ ಹೋದ ಗುಬ್ಬಿಯ ಶೂಗಳು ಜೋಡಿಯಾಗಿ ಇದ್ದವು. ಒಳಗೆ ಕಾಲುಚೀಲ ಮಡಿಸಿಟ್ಟಿದ್ದಳು. ಸದ್ದಾಗಬಾರದು ಅಂತ ಬರಿಗಾಲಲ್ಲಿ ಹತ್ತಿದ್ದಾಳೆ. ಆ ಹದಿನೆಂಟು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಹಜಾರದಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇಲ್ಲ. ಬಚ್ಚಲಲ್ಲಿ ಇಲ್ಲ. ದೇವರೇ, ಆ ಕೋಣೆಯೊಂದರಲ್ಲಿ ಇರದಿದ್ದರೆ ಸಾಕು, ಬೀದಿಯಲ್ಲಿ ಕಳೆದುಹೋಗಿದ್ದರೂ ಪರವಾಗಿಲ್ಲ ಅಂತ ಬೇಡಿಕೊಂಡೆ.

ಕೋಣೆಯ ಬಾಗಿಲು ತಳ್ಳಿದೆ. ಒಳಗಿನಿಂದ ಚಿಲಕ.

ಆ ಚಿಲಕವನ್ನು ನಾನೇ ಹಾಕಿಸಿದ್ದೆ. ನಾನು ಪುಸ್ತಕ ನೋಡುವಾಗ ಯಾರೂ ದಡಕ್ಕನೆ ನುಗ್ಗಬಾರದು ಅಂತ, ಕಬ್ಬಿಣದ್ದು, ಬೆರಳು ದಪ್ಪದ್ದು.

"ಗುಬ್ಬೀ! ಬಾಗ್ಲು ತೆಗಿ!"

ಮತ್ತೆ ತಳ್ಳಿದೆ.

"ತೆಗೀತೀಯೋ ಇಲ್ವೋ! ತೆಗಿಯೇ!" ಎರಡೂ ಮುಷ್ಟಿಯಿಂದ ಬಾಗಿಲು ಗುದ್ದಿದೆ. ನನ್ನ ಗಂಟಲಿಂದ ಬರುತ್ತಿದ್ದದ್ದು ಭಯ. ಆದರೆ ನನ್ನ ಭಯಕ್ಕೂ ಕೋಪಕ್ಕೂ ಇರುವುದು ಒಂದೇ ದನಿ. ಇಷ್ಟು ವರ್ಷ ಅವಳು ಕೇಳಿದ್ದು ಅದನ್ನೇ.

ಕಿವಿಗೊಟ್ಟೆ. ಒಳಗೆ ಸಣ್ಣಗೆ ಚರಚರ ಸದ್ದು. ಮೊದಲು ಏನೆಂದು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಪ್ಲಾಸ್ಟಿಕ್ ಕವರಿನ ಸದ್ದು. ಆ ವಿಷದ ಕೋಣೆಯಲ್ಲಿ ಕೂತು ನನ್ನ ಮಗಳು ಪುಸ್ತಕವನ್ನು ಕವರಿಗೆ ಹಾಕುತ್ತಿದ್ದಳು. ನಿಧಾನವಾಗಿ, ಅಂಚು ಮಡಚದ ಹಾಗೆ, ನಾನು ಹಾಕುವ ಹಾಗೆಯೇ.

"ಬಿಟ್ಬಿಡೇ ಅದನ್ನ! ಹಾಳಾಗಿಹೋಗ್ಲಿ ಪುಸ್ತಕ! ಮೊದ್ಲು ಹೊರಗೆ ಬಾ!"

ಸದ್ದು ನಿಂತಿತು. ಆಮೇಲೆ ಎಷ್ಟೋ ದೂರದಿಂದ ಬಂದಂಥ ದನಿ, ನಾಲಿಗೆ ತೊದಲುತ್ತಿತ್ತು. "ನಾನೇನೂ ಮುಟ್ಟಿಲ್ಲ ಅಪ್ಪಾ..."

ಭುಜ ಕೊಟ್ಟು ಬಾಗಿಲಿಗೆ ಹಾಯ್ದೆ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಹಾಯ್ದೆ, ಮತ್ತೆ. ಪ್ರತಿ ಸಲವೂ ಒಳಗೆ ಅವಳು ಅಳುವುದು ಜೋರಾಗುತ್ತಿತ್ತು. ದನಿ ತಗ್ಗಿಸಿದೆ. "ಬಂಗಾರೀ, ಬಾರಮ್ಮ, ಅಪ್ಪ ಏನೂ ಮಾಡಲ್ಲ," ಅಂದೆ. ಆ ಮಾತು ನನ್ನ ಬಾಯಲ್ಲಿ ನನಗೇ ಹೊಸದಾಗಿತ್ತು, ಇನ್ನು ಅವಳಿಗೆ ಹೇಗಿರಬೇಡ! ಅವಳು ಇನ್ನೂ ಹೆದರಿದಳು. ಕಪಾಟಿನ ಕಡೆಗೆ, ಆ ಮಾತ್ರೆಗಳ ಕಡೆಗೇ ಸರಿದುಕೊಂಡದ್ದು ಹೆಜ್ಜೆಯ ಸದ್ದಿನಲ್ಲಿ ತಿಳಿಯಿತು. ನಾನು ಬಾಗಿಲ ಬುಡದಲ್ಲಿ ಕುಸಿದೆ. ನನ್ನ ಕೈಯಾರೆ ಮಗಳನ್ನು ಕೊಲ್ಲುತ್ತಿದ್ದೇನೆ, ಅವಳನ್ನು ಕರೆಯಲೂ ನನಗೆ ಬರುವುದಿಲ್ಲ ಅನ್ನಿಸಿತು.

ಹಿಂದಿನಿಂದ ಏದುಸಿರು ಕೇಳಿಸಿತು. ದರ್ಜಿ ಅಜ್ಜಿ, ಮಂಡಿ ಹಿಡಿದುಕೊಂಡು ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದರು. ನನ್ನ ಮುಖ ನೋಡಿದರು, ಬಾಗಿಲು ನೋಡಿದರು. ನನ್ನ ಬಾಯಿಯ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು.

"ಗುಬ್ಬಚ್ಚೀ," ಅಂದರು, ದಿನಾ ಕರೆಯುವ ಹಾಗೆಯೇ. "ಸೂಜಿಗೆ ದಾರ ಪೋಣಿಸಿಕೊಡ್ತೀಯೇನೇ? ನಿಮ್ಮಪ್ಪ ಇನ್ನೂ ನನ್ನ ಕನ್ನಡಕ ಸರಿ ಮಾಡಿಲ್ಲ ನೋಡು, ಸೋಮಾರಿ. ಕೆಲಸ ನಿಂತುಹೋಗಿದೆ ಕಣೇ ನಂದು."

ಒಳಗಿನ ಅಳು ತಗ್ಗಿತು.

"ಅಪ್ಪ ಇದಾರಾ ಅಲ್ಲಿ?"

ಅಜ್ಜಿ ನನ್ನ ಕಡೆ ನೋಡಿ, "ಇಲ್ಲಮ್ಮ, ಕೆಳಗೆ ಹೋದ," ಅಂದರು.

ಚಿಲಕ ಸರಿಯಿತು. ಅವಳಿಗೆ ಪೂರ್ತಿ ಎಳೆಯಲು ಶಕ್ತಿ ಇರಲಿಲ್ಲ, ಅರ್ಧಕ್ಕೆ ಬಂದದ್ದನ್ನು ನಾನು ಹೊರಗಿನಿಂದ ಒದ್ದೆ. ಬಾಗಿಲು ತೆರೆದುಕೊಂಡಿತು. ಕೊಳೆತ ವಾಸನೆ ಮುಖಕ್ಕೆ ರಾಚಿತು. ಗುಬ್ಬಿ ನಿಂತಿದ್ದಳು, ತುಟಿ ಬೂದಿಬಣ್ಣ. ಯೂನಿಫಾರ್ಮಿನ ಸ್ಕರ್ಟನ್ನು ಒಂದು ಕೈಯಲ್ಲಿ ಜೋಳಿಗೆಯ ಹಾಗೆ ಎತ್ತಿ ಹಿಡಿದಿದ್ದಳು. ಅದರ ತುಂಬ ವಾಂತಿ. ನನ್ನನ್ನು ಕಂಡದ್ದೇ ಹಿಂದಕ್ಕೆ ಸರಿದು, "ಪುಸ್ತಕದ ಮೇಲೆ ಬಿದ್ದಿಲ್ಲ ಅಪ್ಪಾ. ಎಲ್ಲಾ ಇದ್ರಲ್ಲೇ ಹಿಡ್ಕೊಂಡಿದೀನಿ," ಅಂದಳು. ಅಷ್ಟು ಹೇಳಿ ಕಾಲು ಮಡಚಿ ಬಿದ್ದಳು.

ಎದುರಿನ ಬೇಕರಿಯವನ ವ್ಯಾನು ನಿಂತಿತ್ತು. ಬ್ರೆಡ್ಡಿನ ತಟ್ಟೆಗಳ ನಡುವೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಬೇಕರಿಯವನು ಸಿಗ್ನಲ್ಲು ಗಿಗ್ನಲ್ಲು ಏನೂ ನೋಡದೆ ಓಡಿಸಿದ. ದಾರಿಯುದ್ದಕ್ಕೂ ಅವಳ ಎದೆಯ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ಪ್ರತಿ ಬಡಿತಕ್ಕೂ, ಇನ್ನೊಂದು ಬರುತ್ತದೋ ಇಲ್ಲವೋ ಅಂತ ಕಾಯುತ್ತಿದ್ದೆ.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿದರು. ಅರ್ಧ ಗಂಟೆಯಲ್ಲಿ ತುಟಿಗೆ ಬಣ್ಣ ಬಂತು, ಎದ್ದು ಕೂತಳು. ಡಾಕ್ಟರಮ್ಮ ಸಣ್ಣ ವಯಸ್ಸಿನವರು. ನಾನು ಮಾತ್ರೆಯ ವಿಷಯ ಹೇಳಿದಾಗ ಅವರ ಮುಖ ಬಿಗಿಯಿತು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇದಕ್ಕೆ ಇಂಥದೇ ಅಂತ ಔಷಧಿ ಇಲ್ಲ," ಅಂದರು. "ಎಷ್ಟು ಹೊತ್ತು ಒಳಗಿದ್ಲು ಅನ್ನೋದು ಗೊತ್ತಾಗ್ಬೇಕು. ಅದರ ಮೇಲೇ ಎಲ್ಲಾ ನಿಂತಿದೆ. ಪುಟ್ಟಾ, ನೀನು ಆ ಕೋಣೆಗೆ ಯಾವಾಗ ಹೋದೆ?"

ಗುಬ್ಬಿ ನನ್ನ ಮುಖ ನೋಡಿದಳು. "ಆಗಷ್ಟೇ ಹೋಗಿದ್ದೆ. ಐದು ನಿಮಿಷ."

ಡಾಕ್ಟರ ಹೆಗಲು ಸಡಿಲಾಯಿತು. "ಸದ್ಯ. ಐದು ನಿಮಿಷ ಅಂದ್ರೆ ಅಷ್ಟು ಹೆದರ್ಬೇಕಾಗಿಲ್ಲ. ಒಂದು ಗಂಟೆ ನೋಡಿ ಮನೆಗೆ ಕಳಿಸ್ತೀನಿ," ಅಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು.

ಆಗ ಹೆಂಡತಿ ಬಂದಳು. ದರ್ಜಿ ಅಜ್ಜಿಯಿಂದ ತಿಳಿದು ಅವಳ ತಮ್ಮ ಫೋನು ಮಾಡಿ ಎಲ್ಲ ಹೇಳಿದ್ದ. ನನ್ನ ಕಡೆ ತಿರುಗಿಯೂ ನೋಡದೆ ಮಗಳನ್ನು ತಬ್ಬಿಕೊಂಡಳು, ಹಣೆ ಮುಟ್ಟಿದಳು, ಕಣ್ಣು ನೋಡಿದಳು. ಡಾಕ್ಟರು ಐದು ನಿಮಿಷದ ವಿಷಯ ಹೇಳಿದರು. ಅವಳು ಗುಬ್ಬಿಯನ್ನೇ ದಿಟ್ಟಿಸಿದಳು. ಆಮೇಲೆ ನನಗೆ, "ನೀವು ಸ್ವಲ್ಪ ಹೊರಗೆ ಹೋಗಿ," ಅಂದಳು.

"ನಾನ್ಯಾಕೆ ಹೋಗ್ಲಿ?" ಆಗಲೂ, ಅಲ್ಲಿಯೂ, ನನಗೆ ಸಿಟ್ಟು ಬಂತು ನೋಡಿ.

"ಕೈ ಮುಗೀತೀನಿ. ಹೋಗಿ."

ಹೋದೆ. ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ತೆಳ್ಳನೆಯ ಬಾಗಿಲು, ಒಳಗಿನದೆಲ್ಲ ಕೇಳಿಸುತ್ತಿತ್ತು.

"ಈಗ ಹೇಳು ಮರೀ. ಅಪ್ಪ ಇಲ್ಲ."

"...ಹತ್ತು ಗಂಟೆಗೆ ಹೋಗಿದ್ದು ಅಮ್ಮಾ. ಬಾವೀದು ಓದ್ಬಿಟ್ಟು ಬಂದ್ಬಿಡೋಣ ಅಂತ. ಕಪಾಟಿಗೆ ಟೇಪ್ ಹಾಕಿದ್ರು, ಮೆತ್ತಗೆ ಕಿತ್ತೆ, ವಾಪಸ್ ಅಂಟಿಸೋಣ ಅಂತ. ಆಮೇಲೆ ತಲೆ ನೋಯ್ತು. ಹೊರಗೆ ಬರೋಣ ಅಂದ್ರೆ ಅಪ್ಪ ಬಂದು ಹಾಲ್‌ನಲ್ಲಿ ಕೂತ್ಬಿಟ್ರು. ಗವಾಕ್ಷಿ ಕೆಳಗೆ ಸ್ಟೂಲ್ ಹಾಕ್ಕೊಂಡು ನಿಂತ್ಕೊಂಡೆ. ಅಪ್ಪ ಎದ್ದು ಹೋದ್ಮೇಲೆ ಬರೋಣ ಅಂತ ಕಾಯ್ತಾ ಇದ್ದೆ. ಆಮೇಲೆ ಕಾಲು ಬರ್ಲಿಲ್ಲ."

ಪೇಪರು ಓದುತ್ತ ಕೂತ ಆ ಒಂದು ಗಂಟೆ. ನಾನು ಚಹಾ ಹೀರುತ್ತಿದ್ದೆ. ಹತ್ತು ಹೆಜ್ಜೆ ಆಚೆ ಅವಳು ಗವಾಕ್ಷಿಗೆ ಮುಖವೊಡ್ಡಿಕೊಂಡು, ನಾನು ಏಳಲಿ ಅಂತ ಕಾಯುತ್ತಿದ್ದಳು.

ಬಾಗಿಲು ದಡಾರನೆ ತೆರೆಯಿತು. ಡಾಕ್ಟರು ಓಡಿದರು, ನರ್ಸುಗಳು ಓಡಿ ಬಂದರು, ಎದೆಗೆ ತಂತಿಗಳನ್ನು ಅಂಟಿಸಿದರು. ಮನೆಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ನಾಲ್ಕು ಗಂಟೆಗೆ ಅವಳ ಎದೆಬಡಿತ ತಪ್ಪತೊಡಗಿತು. ಪರದೆಯ ಮೇಲೆ ಆ ಹಸಿರು ಗೆರೆ ಹುಚ್ಚೆದ್ದು ಕುಣಿಯಿತು, ಯಂತ್ರ ಕೂಗಿಕೊಂಡಿತು, ನಮ್ಮಿಬ್ಬರನ್ನೂ ಆಚೆ ನೂಕಿದರು. ನಲವತ್ತು ನಿಮಿಷ. ಹೆಂಡತಿ ಗೋಡೆ ಹಿಡಿದು ನಿಂತಿದ್ದಳು, ನಾನು ನೆಲದ ಮೇಲೆ ಕೂತಿದ್ದೆ. ಡಾಕ್ಟರು ಹೊರಗೆ ಬಂದು ಗೋಡೆಗೆ ಒರಗಿ, "ಹಿಡಿತಕ್ಕೆ ಬಂತು," ಅಂದರು. "ಐದು ನಿಮಿಷ ಅಂತ ನಂಬಿ ಮನೆಗೆ ಕಳಿಸಿದ್ರೆ ಇದು ಮನೇಲಾಗಿರ್ತಿತ್ತು."



ಮರುದಿನ ಬೆಳಿಗ್ಗೆ ಗೆರೆ ನೆಟ್ಟಗೆ ಓಡುತ್ತಿತ್ತು. ಅಪಾಯ ಕಳೆಯಿತು ಅಂದರು. ನಾನು ಬಾಗಿಲ ಹೊರಗೇ ಇದ್ದೆ, ರಾತ್ರಿಯಿಂದ ಒಳಗೆ ಹೋಗಿರಲಿಲ್ಲ. ಗುಬ್ಬಿ ಎದ್ದು ನೀರು ಕೇಳಿದ್ದು ಕೇಳಿಸಿತು, ಲೋಟದ ಸದ್ದು ಕೇಳಿಸಿತು.

"ಅಪ್ಪ ಹೊರಗಡೆ ಇದಾರೆ," ಅಂದಳು ಹೆಂಡತಿ. "ಕರೀಲಾ?"

ನಾನು ಎದ್ದು ನಿಂತೆ. ಅಂಗಿ ಸರಿಮಾಡಿಕೊಂಡು ಬಾಗಿಲಿಗೆ ಕೈಯಿಟ್ಟೆ.

"ಬೈತಾರಾ?" ಅಂದಳು ಗುಬ್ಬಿ.

ಇಟ್ಟ ಕೈ ಹಾಗೇ ಇತ್ತು. ತಳ್ಳಲು ಧೈರ್ಯ ಬರಲಿಲ್ಲ.